ಲೆಕ್ಕ ಬಂದರೂ ನಪಾಸಾಗುವ ತರಗತಿ

ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ, ಎಂದರೆ ಎರಡು ವರ್ಷದ ಸ್ಥಳೀಯ ಕಾಲೇಜುಗಳಲ್ಲಿ, ಬಿಗಿನಿಂಗ್ ಆಲ್ಜೀಬ್ರಾ (ಆರಂಭದ ಬೀಜಗಣಿತ) ಎಂಬ ಕೋರ್ಸ್ ಒಂದಿದೆ. ಋಣ ಸಂಖ್ಯೆಗಳ ಕೂಡು-ಕಳೆ, ಭಿನ್ನರಾಶಿ, ಸರಳ ಸಮೀಕರಣ, ಅಸಮತೆ, ನಕ್ಷೆಯ ಮೇಲಿನ ಸರಳರೇಖೆ, ಘಾತಾಂಕ, ಅಪವರ್ತನ. ನಮ್ಮ ಹೈಸ್ಕೂಲುಗಳಲ್ಲಿ ಎಂಟು, ಒಂಬತ್ತನೇ ತರಗತಿಯಲ್ಲಿ ಮುಗಿದುಹೋಗುವ ಈ ಪಾಠಗಳು ಇಲ್ಲಿ ಹದಿನಾರು ವಾರ ನಡೆಯುತ್ತವೆ. ಬಹಳ ವರ್ಷಗಳಿಂದ ಇದನ್ನೇ ಕಲಿಸುತ್ತಿದ್ದೇನೆ. ಲೆಕ್ಕ ಬಾರದೆ ನಪಾಸಾಗುವವರು ಇದ್ದೇ ಇರುತ್ತಾರೆ, ಅದರಲ್ಲಿ ಅಚ್ಚರಿಯಿಲ್ಲ. ಲೆಕ್ಕ ಚೆನ್ನಾಗಿ ಬರುವವರೂ ಪ್ರತಿ ಸೆಮಿಸ್ಟರಿನಲ್ಲಿ ನಪಾಸಾಗುತ್ತಾರೆ. ಅವರನ್ನು ಕೆಡವುವುದು ಗಣಿತವಲ್ಲ, ಮೊದಲ ದಿನ ಕೈಗೆ ಕೊಟ್ಟ ಸಿಲಬಸ್ಸನ್ನು ಓದದೆ ಚೀಲಕ್ಕೆ ತುರುಕಿದ್ದು. ಅದರ ಕೊನೆಯ ಪುಟದಲ್ಲಿ ಮಾತ್ರ ಪಾಠಗಳ ಪಟ್ಟಿ ಇರುತ್ತದೆ. ಉಳಿದದ್ದೆಲ್ಲ ಅಂಕ, ಹಾಜರಿ, ತಡವಾದ ಹೋಂವರ್ಕ್, ಕ್ಯಾಲ್ಕುಲೇಟರ್, ಕೋರ್ಸ್ ಬಿಡುವ ಗಡುವು ಇತ್ಯಾದಿಗಳ ಕರಾರು.

ಕನ್ನಡದಲ್ಲಿ ಇದನ್ನು ಬರೆಯಲು ಕಾರಣವಿದೆ. ಗಂಡನ ಉದ್ಯೋಗ ವೀಸಾದ ಅವಲಂಬಿತರಾಗಿ, ಎಚ್-4 ವೀಸಾದಲ್ಲಿ ಬಂದು, ಮಕ್ಕಳು ಶಾಲೆಗೆ ಹೋಗುವಷ್ಟಾದ ಮೇಲೆ ನರ್ಸಿಂಗ್ ಅಥವಾ ಅಕೌಂಟಿಂಗ್ ಓದಬೇಕೆಂದು ಹೊರಡುವ ನಮ್ಮ ಹೆಣ್ಣುಮಕ್ಕಳು ಈ ತರಗತಿಗೆ ಬರುತ್ತಾರೆ. ಇಲ್ಲೇ ಬೆಳೆದು, ಹೈಸ್ಕೂಲಿನಲ್ಲಿ ಗಣಿತವನ್ನು ಹೇಗೋ ದಾಟಿದ ನಮ್ಮ ಹುಡುಗರೂ ಬರುತ್ತಾರೆ. ಇಬ್ಬರೂ ಎಡವುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ.

ಮೊದಲನೆಯ ಎಡವಟ್ಟು ತರಗತಿಗೆ ಕಾಲಿಡುವ ಮುಂಚೆಯೇ ಆಗಿರುತ್ತದೆ. ಕಮ್ಯುನಿಟಿ ಕಾಲೇಜಿಗೆ ಪ್ರವೇಶ ಪರೀಕ್ಷೆಯಿಲ್ಲ, ಬಾಗಿಲು ಎಲ್ಲರಿಗೂ ತೆರೆದಿದೆ. ಆದರೆ ಯಾವ ಗಣಿತದಿಂದ ಶುರುಮಾಡಬೇಕು ಎಂದು ತೀರ್ಮಾನಿಸಲು ಅಕ್ಯುಪ್ಲೇಸರ್ ಅಥವಾ ಅಲೆಕ್ಸ್‌ನಂಥ ಪರೀಕ್ಷೆಯನ್ನು ಹಲವು ಕಾಲೇಜುಗಳು ಇಡುತ್ತವೆ. 'ಇದರಲ್ಲಿ ಪಾಸು-ನಪಾಸು ಇಲ್ಲ' ಎಂದು ಕೌಂಟರಿನಲ್ಲಿ ಹೇಳುತ್ತಾರೆ. ಆ ಮಾತನ್ನು ನಂಬಿ, ಹದಿನೈದು ವರ್ಷ ಭಿನ್ನರಾಶಿಯ ಮುಖ ನೋಡದವರು ಹೋಗಿ ಕಂಪ್ಯೂಟರಿನ ಮುಂದೆ ಕುಳಿತುಬಿಡುತ್ತಾರೆ. ಬಿ.ಕಾಂ. ಮಾಡಿ ಬ್ಯಾಂಕಿನಲ್ಲಿ ಕೆಲಸ ಮಾಡಿದ್ದವರು ಬಿಗಿನಿಂಗ್ ಆಲ್ಜೀಬ್ರಾಗೆ ಬಂದು ಬೀಳುವುದು ಹೀಗೆ. ಅವರಿಗೆ ಅವಮಾನವಾಗುವುದು ಸಹಜ, ದುಡ್ಡೂ ಹೋಗುತ್ತದೆ. ಈ ಕೋರ್ಸಿನ ಕ್ರೆಡಿಟ್ (ಕೋರ್ಸಿನ ಗಾತ್ರವನ್ನು ಅಳೆಯುವ ಘಟಕ) ಸಾಮಾನ್ಯವಾಗಿ ಪದವಿಯ ಲೆಕ್ಕಕ್ಕೆ ಸೇರುವುದಿಲ್ಲ, ಶುಲ್ಕ ಮಾತ್ರ ಪೂರ್ತಿ. ಎಚ್-4ನಲ್ಲಿರುವವರಿಗೆ ಫೆಡರಲ್ ಸರ್ಕಾರದ ಶಿಕ್ಷಣ ನೆರವು ಇಲ್ಲ. ನೆರವಿಗೆ ಅರ್ಹರಾದವರಿಗೂ ಇಂಥ ತಳಹದಿ ಕೋರ್ಸುಗಳಿಗೆ ಒಟ್ಟು 30 ಸೆಮಿಸ್ಟರ್ ಕ್ರೆಡಿಟ್‌ವರೆಗೆ ಮಾತ್ರ ಹಣ ಸಿಗುತ್ತದೆ. ಆದ್ದರಿಂದ ಪರೀಕ್ಷೆಗೆ ಕೂರುವ ಮುನ್ನ ಎರಡು ವಾರ ಅಭ್ಯಾಸ ಮಾಡಿ. ಊರಿನ ಅಂಕಪಟ್ಟಿಗಳನ್ನು ಮೌಲ್ಯಮಾಪನ ಮಾಡಿಸಿದರೆ ಪರೀಕ್ಷೆಯೇ ಬೇಡವಾಗಬಹುದೇ ಎಂದೂ ಕೌನ್ಸೆಲರನ್ನು ಕೇಳಿ. ಕೇಳದಿದ್ದರೆ ಅವರಾಗಿ ಹೇಳುವುದು ಕಡಿಮೆ.

ಕೋರ್ಸು ನಾಲ್ಕು ಕ್ರೆಡಿಟ್‌ನದು ಎಂದಿಟ್ಟುಕೊಳ್ಳಿ. ವಾರಕ್ಕೆ ನಾಲ್ಕು ಗಂಟೆ ಪಾಠ. ಇಲ್ಲಿನ ಫೆಡರಲ್ ನಿಯಮದ ಪ್ರಕಾರ ಒಂದು ಕ್ರೆಡಿಟ್ ಗಂಟೆ ಎಂದರೆ ತರಗತಿಯಲ್ಲಿ ಒಂದು ಗಂಟೆ, ಹೊರಗೆ ಕನಿಷ್ಠ ಎರಡು ಗಂಟೆ ಕೆಲಸ. ಅಂದರೆ ವಾರಕ್ಕೆ ಹನ್ನೆರಡು ಗಂಟೆ. ಇದನ್ನು ಮೊದಲ ದಿನ ಬೋರ್ಡಿನ ಮೇಲೆ ಬರೆದಾಗ ಎಲ್ಲರೂ ತಲೆಯಾಡಿಸುತ್ತಾರೆ. ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡಿ ಬೆಳಿಗ್ಗೆ ಎಂಟಕ್ಕೆ ತರಗತಿಗೆ ಬರುವ ಹುಡುಗನೂ ತಲೆಯಾಡಿಸುತ್ತಾನೆ. ತರಗತಿಯ ಹೊರಗಿನ ಆ ಎಂಟು ಗಂಟೆ ಎಲ್ಲಿಂದ ತರುತ್ತೀರಿ, ಯಾವ ದಿನ, ಎಷ್ಟು ಹೊತ್ತಿಗೆ ಎಂದು ಕಾಗದದ ಮೇಲೆ ಬರೆದುಕೊಡಿ ಎಂದಾಗ ಮಾತ್ರ ಕೆಲವರ ಮುಖ ಸಪ್ಪಗಾಗುತ್ತದೆ. ಮೊದಲ ವಾರ ಸಪ್ಪಗಾದರೆ ಒಳ್ಳೆಯದೇ. ಆಗ ಕೋರ್ಸ್ ಬಿಟ್ಟರೆ ಶುಲ್ಕ ವಾಪಸು ಬರುತ್ತದೆ.

ಇನ್ನು ಅಂಕ. ಹತ್ತನೆಯ ತರಗತಿಯ ಬೋರ್ಡ್ ಪರೀಕ್ಷೆಯನ್ನೂ ಪಿಯುಸಿಯನ್ನೂ ಕಂಡ ನಮಗೆ ಕೊನೆಯ ಒಂದು ತಿಂಗಳು ನಿದ್ದೆಗೆಟ್ಟು ಓದಿ ದಡ ಸೇರುವುದು ಅಭ್ಯಾಸ. ಇಲ್ಲಿ ಆ ದಾರಿಯೇ ಇಲ್ಲದಂತೆ ಅಂಕಗಳನ್ನು ಹಂಚಿರುತ್ತಾರೆ. ನನ್ನ ತರಗತಿಯಲ್ಲಿ ಹೋಂವರ್ಕಿಗೆ ಶೇ 15, ಕಿರುಪರೀಕ್ಷೆಗಳಿಗೆ 15, ಮೂರು ಪರೀಕ್ಷೆಗಳಿಗೆ ಒಟ್ಟು 45, ಕೊನೆಯ ಪರೀಕ್ಷೆಗೆ 25. ಮುಂದಿನ ಗಣಿತಕ್ಕೆ ಹೋಗಲು 'ಸಿ' ಬೇಕು, ಎಂದರೆ 70. ಇಲ್ಲಿ 35 ಬಂದರೆ ಪಾಸು ಎನ್ನುವ ಮಾತಿಲ್ಲ. 69 ಬಂದವರೂ ಮತ್ತೆ ಶುಲ್ಕ ಕಟ್ಟಿ ಅದೇ ಕೋರ್ಸಿಗೆ ಬರಬೇಕು.

ಲೆಕ್ಕ ಬರುವ, ಹೋಂವರ್ಕ್ ಮಾಡದ ಒಬ್ಬ ಹುಡುಗನನ್ನು ತೆಗೆದುಕೊಳ್ಳಿ. ಕಿರುಪರೀಕ್ಷೆಗಳಲ್ಲಿ ಶೇ 80, ಪರೀಕ್ಷೆಗಳಲ್ಲಿ 78, ಕೊನೆಯದರಲ್ಲಿ 80 ತೆಗೆದ. ಬುದ್ಧಿವಂತನೇ. ಅವನ ಮೊತ್ತ 12, 35.1 ಮತ್ತು 20, ಒಟ್ಟು 67.1. ಗ್ರೇಡು ಡಿ. ಹೋಂವರ್ಕಿನಲ್ಲಿ ಅರೆಬರೆ ಮಾಡಿ ಶೇ 40 ತಂದಿದ್ದರೂ ಆರು ಅಂಕ ಸೇರಿ 73.1 ಆಗುತ್ತಿತ್ತು. ಇಂಥವನು ಡಿಸೆಂಬರಿನಲ್ಲಿ ನನ್ನ ಕೊಠಡಿಗೆ ಬಂದು, ನನಗೆ ಲೆಕ್ಕ ಬರುತ್ತದೆಂದು ನಿಮಗೇ ಗೊತ್ತಲ್ಲ ಎನ್ನುತ್ತಾನೆ. ಗೊತ್ತು. ಆದರೆ ಮೂವತ್ತು ಜನರಿಗೆ ಕೊಟ್ಟ ಕರಾರನ್ನು ಒಬ್ಬನಿಗಾಗಿ ತಿದ್ದುವ ಅಧಿಕಾರ ನನಗಿಲ್ಲ, ಇದ್ದರೂ ತಿದ್ದುವುದಿಲ್ಲ.

ಕೊನೆಯ ಪರೀಕ್ಷೆಗೆ ಮುಂಚೆ 'ಫೈನಲ್‌ನಲ್ಲಿ ಎಷ್ಟು ಬೇಕು ಮೇಡಂ?' ಎನ್ನುವವರ ಸಾಲು ಬೇರೆ. ನಾನು ಉತ್ತರ ಹೇಳುವುದಿಲ್ಲ, ಅಸಮತೆ ಬರೆಯಿಸುತ್ತೇನೆ. ಈವರೆಗೆ 75ಕ್ಕೆ 48 ಬಂದಿದೆ, ಫೈನಲ್‌ನ ಕಾಲು ಭಾಗ ಸೇರಿ 70 ಮುಟ್ಟಬೇಕು. 70ರಲ್ಲಿ 48 ಕಳೆದರೆ 22, ಅದನ್ನು ಕಾಲರಿಂದ ಭಾಗಿಸಿದರೆ 88. ಈವರೆಗಿನ ಪರೀಕ್ಷೆಗಳಲ್ಲಿ 65ರ ಆಸುಪಾಸು ತೆಗೆದವನಿಗೆ ಆ 88 ಎಷ್ಟು ದೂರವೆಂದು ನಾನು ವಿವರಿಸಬೇಕಾಗಿಲ್ಲ. ಇದೇ ಲೆಕ್ಕವನ್ನು ಎಂಟನೆಯ ವಾರದಲ್ಲಿ ಮಾಡಿಕೊಂಡವರು ಉಳಿದುಕೊಳ್ಳುತ್ತಾರೆ.

ನಮ್ಮವರಿಗೆ ಎಲ್ಲಕ್ಕಿಂತ ಸಿಟ್ಟು ತರಿಸುವುದು ಹಂತಗಳನ್ನು ತೋರಿಸಬೇಕು ಎಂಬ ನಿಯಮ. ಬಾಯಿಲೆಕ್ಕ ನಮ್ಮ ಹೆಮ್ಮೆ. ಉತ್ತರ ಸರಿಯಿದ್ದ ಮೇಲೆ ಇನ್ನೇನು ಎನ್ನುತ್ತಾರೆ. ಒಂದು ಲೆಕ್ಕವನ್ನು ಹತ್ತಿರದಿಂದ ನೋಡೋಣ. ಅಜ್ಞಾತಕ್ಕೆ ಎಕ್ಸ್ ಬದಲು ಭಾಸ್ಕರಾಚಾರ್ಯರ ರೂಢಿಯಂತೆ 'ಯಾ' ಎಂದು ಬರೆಯುತ್ತೇನೆ:

5 − 2(ಯಾ − 3) = 17

ಉತ್ತರ −3. ಐದು ಅಂಕದ ಈ ಪ್ರಶ್ನೆಗೆ ಬರೀ '−3' ಎಂದು ಬರೆದರೆ ನಾನು ಕೊಡುವುದು ಒಂದು ಅಂಕ. ಈಗ ತಪ್ಪು ಮಾಡಿದ ಇಬ್ಬರನ್ನು ನೋಡಿ. ಒಬ್ಬಳು 5 − 2ಯಾ − 6 = 17 ಎಂದು ಬರೆದು −9ಕ್ಕೆ ಬಂದಳು. ಆವರಣದ ಹೊರಗಿನ ಋಣ ಚಿಹ್ನೆ ಒಳಗಿನ ಎರಡನೆಯ ಪದಕ್ಕೂ ತಗಲುತ್ತದೆ ಎಂಬುದು ತಪ್ಪಿಹೋಯಿತು, ಮುಂದಿನದೆಲ್ಲ ಸರಿ. ಅವಳಿಗೆ ಮೂರೂವರೆ ಅಂಕ. ಇನ್ನೊಬ್ಬ ಮೊದಲೇ 5ರಲ್ಲಿ 2 ಕಳೆದು 3(ಯಾ − 3) = 17 ಮಾಡಿ, 26/3 ಎಂಬ ವಿಚಿತ್ರ ಸಂಖ್ಯೆಗೆ ತಲುಪಿದ. ಅವನಿಗೆ ಗುಣಾಕಾರ ಮೊದಲು, ವ್ಯವಕಲನ ಆಮೇಲೆ ಎಂಬ ಕ್ರಮವೇ ಗಟ್ಟಿಯಾಗಿಲ್ಲ. ಅವನು ಎರಡು ಅಧ್ಯಾಯ ಹಿಂದಕ್ಕೆ ಹೋಗಬೇಕು. ಇಬ್ಬರೂ ಬರೀ ಉತ್ತರ ಬರೆದಿದ್ದರೆ ಇಬ್ಬರಿಗೂ ಸೊನ್ನೆ, ಯಾರಿಗೆ ಯಾವ ಮದ್ದು ಎಂಬುದು ನನಗೂ ತಿಳಿಯುತ್ತಿರಲಿಲ್ಲ. ಉತ್ತರವನ್ನು ಮೂಲ ಸಮೀಕರಣದಲ್ಲಿ ಹಾಕಿ ತಾಳೆ ನೋಡುವುದಕ್ಕೂ ಅರ್ಧ ಅಂಕ ಇಟ್ಟಿದ್ದೇನೆ. ಮೂವತ್ತು ಸೆಕೆಂಡಿನ ಕೆಲಸ. ತಾಳೆ ನೋಡಿದ್ದರೆ ಆ ಹುಡುಗಿ ತನ್ನ −9 ಅನ್ನು ತಾನೇ ಹಿಡಿಯುತ್ತಿದ್ದಳು.

ಕ್ಯಾಲ್ಕುಲೇಟರಿನ ವಿಷಯ. ಟಿಐ-30ರಂಥ ಸಾಮಾನ್ಯ ವೈಜ್ಞಾನಿಕ ಕ್ಯಾಲ್ಕುಲೇಟರ್ ಸಾಕು. ಬೀಜಗಣಿತವನ್ನು ತಾನೇ ಬಿಡಿಸುವ ಟಿಐ-89ರಂಥವುಗಳಿಗೆ ಪ್ರವೇಶವಿಲ್ಲ. ಮೊಬೈಲನ್ನು ಕ್ಯಾಲ್ಕುಲೇಟರ್ ಎಂದು ಬಳಸುವಂತಿಲ್ಲ. ಮೊದಲ ಪರೀಕ್ಷೆ ಪೂರ್ತಿ ಕೈಬರಹದ್ದು, ಯಾವ ಯಂತ್ರವೂ ಇಲ್ಲ, ಏಕೆಂದರೆ ಆ ಪರೀಕ್ಷೆ ಇರುವುದೇ ಋಣ ಸಂಖ್ಯೆ ಮತ್ತು ಭಿನ್ನರಾಶಿಗಾಗಿ. ಒಮ್ಮೆ ವಿದ್ಯಾರ್ಥಿನಿಯೊಬ್ಬರು −3² = 9 ಎಂದು ಬರೆದು ಅಂಕ ಕಳೆದುಕೊಂಡರು. ಆವರಣವಿಲ್ಲದೆ −3² ಎಂದು ಬರೆದಾಗ ವರ್ಗ 3ಕ್ಕೆ ಮಾತ್ರ ಸೇರುತ್ತದೆ, ಉತ್ತರ −9. ಮರುದಿನ ಅವರ ಸಾಫ್ಟ್‌ವೇರ್ ಪತಿ ಎಕ್ಸೆಲ್‌ನಲ್ಲಿ ಮಾಡಿ ಮುದ್ರಿಸಿ ಕಳಿಸಿದ್ದರು: 9! ಎಕ್ಸೆಲ್ ನಿಜವಾಗಿ ಹಾಗೆಯೇ ಹೇಳುತ್ತದೆ. ಸಂಖ್ಯೆಯ ಮುಂದಿನ ಋಣ ಚಿಹ್ನೆಯನ್ನು ಘಾತಕ್ಕಿಂತ ಮೊದಲು ಲೆಕ್ಕಕ್ಕೆ ಹಿಡಿಯುವುದು ಆ ತಂತ್ರಾಂಶದ ರೂಢಿ. ಗಣಿತದ ರೂಢಿ ಬೇರೆ. ಅಂಕ ವಾಪಸು ಬರಲಿಲ್ಲ, ಆದರೆ ಆ ಮುದ್ರಿತ ಹಾಳೆಯನ್ನು ನಾನು ಈಗಲೂ ಪಾಠಕ್ಕೆ ಬಳಸುತ್ತೇನೆ.

ಹೋಂವರ್ಕ್ ಇರುವುದು ಮೈಲ್ಯಾಬ್ ಅಥವಾ ಅಲೆಕ್ಸ್‌ನಂಥ ಜಾಲತಾಣಗಳಲ್ಲಿ. ಎಷ್ಟು ಬಾರಿ ಬೇಕಾದರೂ ಪ್ರಯತ್ನಿಸಬಹುದು, ಪ್ರತಿ ಲೆಕ್ಕದ ಪಕ್ಕದಲ್ಲಿ ಬಿಡಿಸಿ ತೋರಿಸುವ ಗುಂಡಿಯೂ ಇರುತ್ತದೆ. ಅದನ್ನು ಒತ್ತಿ, ಸಂಖ್ಯೆ ಬದಲಿಸಿ, ಅದೇ ಅಚ್ಚಿನಲ್ಲಿ ಉತ್ತರ ತುಂಬಿದರೆ ಹೋಂವರ್ಕಿಗೆ ನೂರಕ್ಕೆ ನೂರು. ಪರೀಕ್ಷೆಯಲ್ಲಿ ನಲವತ್ತು. ಈ ಎರಡು ಸಂಖ್ಯೆಗಳ ಜೋಡಿಯನ್ನು ಕಂಡ ತಕ್ಷಣ ನನಗೆ ಕಥೆ ಗೊತ್ತಾಗುತ್ತದೆ. ಕ್ಯಾಮೆರಾ ಹಿಡಿದರೆ ಹಂತ ಹಂತವಾಗಿ ಬಿಡಿಸುವ ಫೋಟೊಮ್ಯಾತ್ 2014ರಿಂದಲೇ ಇದೆ, 2022ರ ಕೊನೆಯಲ್ಲಿ ಚಾಟ್‌ಜಿಪಿಟಿಯೂ ಬಂತು. ಸಹೋದ್ಯೋಗಿಗಳಲ್ಲಿ ಕೆಲವರು ಇದಕ್ಕೆ ಎರಡು ಪುಟದ ನಿಷೇಧ ಬರೆದಿದ್ದಾರೆ. ನನ್ನ ಸಿಲಬಸ್ಸಿನಲ್ಲಿ ಅದಕ್ಕೆ ನಾಲ್ಕೇ ಸಾಲು: ಮನೆಯಲ್ಲಿ ಅರ್ಥಮಾಡಿಕೊಳ್ಳಲು ಬಳಸಿ, ಒಪ್ಪಿಸಲು ಬಳಸಬೇಡಿ, ಅಂಕದ ಬಹುಪಾಲು ತರಗತಿಯಲ್ಲಿ ಕಾಗದದ ಮೇಲೆ ಬರೆಯುವ ಪರೀಕ್ಷೆಯಿಂದ ಬರುತ್ತದೆ, ಅಲ್ಲಿ ನೀವೊಬ್ಬರೇ ಇರುತ್ತೀರಿ. ಕಾಯಲಾಗದ ನಿಯಮವನ್ನು ಬರೆಯುವುದರಲ್ಲಿ ನನಗೆ ನಂಬಿಕೆಯಿಲ್ಲ.

ಈಗ ಎಲ್ಲಕ್ಕಿಂತ ದುಬಾರಿಯಾದ ತಪ್ಪು ತಿಳಿವಳಿಕೆಗೆ ಬರುತ್ತೇನೆ. ತರಗತಿಗೆ ಬರುವುದನ್ನು ನಿಲ್ಲಿಸಿದರೆ ಕೋರ್ಸ್ ಬಿಟ್ಟಂತೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ನೀವು ಬರದಿದ್ದರೂ ಹೆಸರು ಪಟ್ಟಿಯಲ್ಲಿ ಉಳಿದಿರುತ್ತದೆ, ಬರೆಯದ ಪರೀಕ್ಷೆಗಳಿಗೆ ಸೊನ್ನೆ ಬೀಳುತ್ತದೆ, ಕೊನೆಗೆ ಎಫ್ ಗ್ರೇಡ್ ಬರುತ್ತದೆ. ಬಿಡುವುದು ನೀವೇ ಕಚೇರಿಯಲ್ಲಿ ಅಥವಾ ಕಾಲೇಜಿನ ತಾಣದಲ್ಲಿ ಮಾಡಬೇಕಾದ ಕೆಲಸ, ಅದಕ್ಕೆ ದಿನಾಂಕಗಳಿವೆ. ಮೊದಲ ಗಡುವಿನೊಳಗೆ ಬಿಟ್ಟರೆ ದಾಖಲೆಯಲ್ಲೇ ಇರುವುದಿಲ್ಲ, ಹಣವೂ ವಾಪಸು. ಎರಡನೆಯ ಗಡುವು ಸೆಮಿಸ್ಟರಿನ ಅರ್ಧ ದಾಟಿದ ಮೇಲೆ ಬರುತ್ತದೆ. ಅದರೊಳಗೆ ಬಿಟ್ಟರೆ ಅಂಕಪಟ್ಟಿಯಲ್ಲಿ 'ಡಬ್ಲ್ಯು' (ವಿತ್‌ಡ್ರಾ, ಬಿಟ್ಟದ್ದು) ಎಂದಿರುತ್ತದೆ, ಹಣ ಹೋಗುತ್ತದೆ, ಆದರೆ ಗ್ರೇಡುಗಳ ಸರಾಸರಿ ಕೆಡುವುದಿಲ್ಲ. ಆಮೇಲೆ ಬಂದ ಗ್ರೇಡೇ ಗತಿ.

ಡಬ್ಲ್ಯು ಎಂದರೆ ಕಳಂಕವೆಂದು ಭಾವಿಸಿ ಹಲ್ಲು ಕಚ್ಚಿಕೊಂಡು ಎಫ್‌ವರೆಗೆ ಹೋಗುವವರು ನಮ್ಮವರಲ್ಲಿ ಹೆಚ್ಚು. ಒಂದು ಡಬ್ಲ್ಯುವನ್ನು ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ತಲೆಗೆ ಹಚ್ಚಿಕೊಳ್ಳುವುದಿಲ್ಲ. ಎಫ್ ಸರಾಸರಿಯನ್ನು ವರ್ಷಗಟ್ಟಲೆ ಕೆಳಗೆ ಎಳೆಯುತ್ತದೆ. ಹಾಗೆಂದು ಡಬ್ಲ್ಯುಗಳನ್ನು ಸಾಲಾಗಿ ಪೇರಿಸುವಂತೆಯೂ ಇಲ್ಲ. ಫೆಡರಲ್ ನೆರವು ಪಡೆಯುವವರು ತೆಗೆದುಕೊಂಡ ಕ್ರೆಡಿಟ್‌ಗಳಲ್ಲಿ ಇಂತಿಷ್ಟು ಪಾಲನ್ನು ಮುಗಿಸಿರಬೇಕು, ಬಹುತೇಕ ಕಾಲೇಜುಗಳಲ್ಲಿ ಅದು ಶೇ 67. ಜೊತೆಗೆ ಇನ್ನೊಂದು ಕೊಕ್ಕೆಯಿದೆ. ಸೆಮಿಸ್ಟರಿನ ಶೇ 60 ಮುಗಿಯುವ ಮುನ್ನ, ಎಂದರೆ ಹದಿನಾರು ವಾರಗಳಲ್ಲಿ ಸುಮಾರು ಹತ್ತನೆಯ ವಾರಕ್ಕೆ ಮೊದಲು, ಎಲ್ಲ ಕೋರ್ಸುಗಳನ್ನೂ ಬಿಟ್ಟು ಹೊರಟರೆ ಪಡೆದ ನೆರವಿನ ಒಂದು ಭಾಗ ಸರ್ಕಾರಕ್ಕೆ ವಾಪಸು ಹೋಗುತ್ತದೆ, ಆ ಬಾಕಿ ವಿದ್ಯಾರ್ಥಿಯ ತಲೆಯ ಮೇಲೆ ಬೀಳಬಹುದು. ವಿದ್ಯಾರ್ಥಿ ವೀಸಾ ಎಫ್-1ನವರಿಗೆ ಇದು ಹಣದ ಮಾತಷ್ಟೇ ಅಲ್ಲ. ಸೆಮಿಸ್ಟರಿಗೆ 12 ಕ್ರೆಡಿಟ್‌ಗಿಂತ ಕೆಳಗಿಳಿದರೆ ವೀಸಾ ಸ್ಥಾನಮಾನಕ್ಕೇ ಕುತ್ತು. ಅವರು ಕೋರ್ಸ್ ಬಿಡುವ ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಅನುಮತಿ ಪಡೆಯಬೇಕು, ಬಿಟ್ಟ ಮೇಲೆ ಅಲ್ಲ. ಎಚ್-4ನವರಿಗೆ ಈ ನಿರ್ಬಂಧವಿಲ್ಲ, ಒಂದೇ ಕೋರ್ಸ್ ಓದಿದರೂ ಸರಿ.

ಪ್ರತಿ ಅಕ್ಟೋಬರಿನಲ್ಲಿ ನನಗೊಂದು ಫೋನ್ ಬರುತ್ತದೆ. ಕನ್ನಡ ಕೂಟದಲ್ಲಿ ಯಾರೋ ನನ್ನ ನಂಬರ್ ಕೊಟ್ಟಿರುತ್ತಾರೆ.

'ಮೇಡಂ, ನಮಸ್ಕಾರ. ನಮ್ಮ ಹುಡುಗ ನಿಮ್ಮ ಕ್ಲಾಸಿನಲ್ಲಿದ್ದಾನಂತೆ. ಹೇಗೆ ಓದುತ್ತಿದ್ದಾನೆ?'

'ನಮಸ್ಕಾರ. ಅದನ್ನು ನಾನು ಹೇಳುವ ಹಾಗಿಲ್ಲವಲ್ಲ, ನೀವು ಅವನನ್ನೇ ಕೇಳಬೇಕು.'

'ಫೀಸ್ ಕಟ್ಟಿದವನು ನಾನು ಮೇಡಂ!'

'ನಿಜ. ಆದರೂ ಅವನು ನನ್ನ ತರಗತಿಯಲ್ಲಿದ್ದಾನೋ ಇಲ್ಲವೋ ಎಂಬುದನ್ನೂ ನಾನು ಹೇಳುತ್ತಿಲ್ಲ.'

ಇದು ನನ್ನ ಬಿಗುಮಾನವಲ್ಲ. ವಿದ್ಯಾರ್ಥಿ ದಾಖಲೆಗಳ ಗೋಪ್ಯತೆಯನ್ನು ಕಾಯುವ 1974ರ ಫೆರ್ಪಾ ಕಾನೂನಿನ ಪ್ರಕಾರ ಕಾಲೇಜಿಗೆ ಸೇರಿದವರ ದಾಖಲೆಯ ಹಕ್ಕು ಅವರದೇ, ವಯಸ್ಸು ಹದಿನೆಂಟು ತುಂಬಿರದಿದ್ದರೂ. ಹೈಸ್ಕೂಲಿನಲ್ಲಿ ಇದ್ದುಕೊಂಡೇ ಕಾಲೇಜು ಕೋರ್ಸ್ ತೆಗೆದುಕೊಂಡ ಹದಿನಾರರ ಹುಡುಗಿಗೂ ಕಾಲೇಜಿನ ದಾಖಲೆಯ ಮಟ್ಟಿಗೆ ಇದು ಅನ್ವಯ. ಮಕ್ಕಳು ತೆರಿಗೆಯ ಲೆಕ್ಕದಲ್ಲಿ ಅವಲಂಬಿತರಾಗಿದ್ದರೆ ಕಾಲೇಜು ಪೋಷಕರಿಗೆ ತಿಳಿಸಬಹುದು, ಆದರೆ ತಿಳಿಸಲೇಬೇಕೆಂದಿಲ್ಲ. ಆ ತೀರ್ಮಾನ ಕಚೇರಿಯದು, ನನ್ನದಲ್ಲ. ಮಗ ಅಥವಾ ಮಗಳು ಸಹಿ ಮಾಡಿ ಒಪ್ಪಿಗೆ ಕೊಟ್ಟರೆ ದಾರಿ ಸುಲಭ. ಇಷ್ಟು ಹೇಳಿದ ಮೇಲೂ ಕೆಲವರು ಒಂದು ಗಂಟೆ ಮಾತಾಡುತ್ತಾರೆ. ನಾನು ಹವಾಮಾನದ ಬಗ್ಗೆ ಮಾತಾಡುತ್ತೇನೆ.

ಪೋಷಕರು ತಲೆಹಾಕಬೇಕಾದ ಜಾಗ ಬೇರೆ ಇದೆ, ಅಲ್ಲಿ ಅವರು ಹಾಕುವುದಿಲ್ಲ. ಕಲಿಕೆಯ ತೊಂದರೆ, ಗಮನದ ತೊಂದರೆ, ದೃಷ್ಟಿದೋಷ, ಪರೀಕ್ಷೆಯಲ್ಲಿ ಕೈಕಾಲು ನಡುಗಿಸುವ ಆತಂಕ, ಇಂಥವಕ್ಕೆ 1973ರ ಪುನರ್ವಸತಿ ಕಾಯಿದೆಯ 504ನೇ ಕಲಮು ಮತ್ತು 1990ರ ಅಂಗವಿಕಲರ ಕಾಯಿದೆಯ ಅಡಿಯಲ್ಲಿ ಅನುಕೂಲಗಳು ಸಿಗುತ್ತವೆ. ಸಾಮಾನ್ಯವಾಗಿ ಪರೀಕ್ಷೆಗೆ ಒಂದೂವರೆ ಪಟ್ಟು ಸಮಯ, ಗದ್ದಲವಿಲ್ಲದ ಕೋಣೆ. ಕಾಲೇಜಿನ ಸಂಬಂಧಪಟ್ಟ ಕಚೇರಿಗೆ ದಾಖಲೆ ಕೊಟ್ಟು ಹೆಸರು ನೋಂದಾಯಿಸಬೇಕು. ನನಗೆ ಬರುವ ಪತ್ರದಲ್ಲಿ ಕಾಯಿಲೆಯ ಹೆಸರೂ ಇರುವುದಿಲ್ಲ, ಏನು ಅನುಕೂಲ ಎಂದಷ್ಟೇ ಇರುತ್ತದೆ. ನಮ್ಮ ಮನೆಗಳಲ್ಲಿ 'ಹೆಸರು ಬೀಳುತ್ತದೆ' ಎಂದು ಇದನ್ನು ಮುಚ್ಚಿಡುತ್ತಾರೆ. ಎರಡು ಪರೀಕ್ಷೆ ಕೆಟ್ಟ ಮೇಲೆ ಪತ್ರ ತಂದರೆ ಹಿಂದಿನದಕ್ಕೆ ಅದು ಅನ್ವಯಿಸುವುದಿಲ್ಲ.

ಈ ಕೋರ್ಸು ಇನ್ನೆಷ್ಟು ದಿನ ಇರುತ್ತದೋ ಹೇಳುವುದು ಕಷ್ಟ. ಕ್ಯಾಲಿಫೋರ್ನಿಯಾ 2017ರಲ್ಲಿ ಎಬಿ 705 ಎಂಬ ಕಾನೂನು ತಂದು, ಯಾವ ಗಣಿತದಿಂದ ಶುರು ಎಂದು ತೀರ್ಮಾನಿಸುವ ಪ್ಲೇಸ್‌ಮೆಂಟ್ ಪರೀಕ್ಷೆಯ ಬದಲು ಹೈಸ್ಕೂಲಿನ ಅಂಕಗಳನ್ನು ನೋಡಿ, ವಿಶ್ವವಿದ್ಯಾಲಯಕ್ಕೆ ಸಲ್ಲುವ ಗಣಿತವನ್ನು ಒಂದು ವರ್ಷದೊಳಗೆ ಮುಗಿಸುವ ಅವಕಾಶ ಹೆಚ್ಚಿಸಬೇಕೆಂದಿತು. 2022ರ ಎಬಿ 1705 ಅದನ್ನು ಇನ್ನಷ್ಟು ಬಿಗಿಮಾಡಿತು. ಟೆಕ್ಸಾಸ್‌ನಲ್ಲಿಯೂ ಹಾದಿ ಅದೇ: ಮೇಲಿನ ಕೋರ್ಸಿಗೇ ಸೇರಿಸಿ, ಪಕ್ಕದಲ್ಲಿ ಊರುಗೋಲಿನ ತರಗತಿಯೊಂದನ್ನು ಕೊಡುವುದು. ವಾದದಲ್ಲಿ ಹುರುಳಿದೆ. ಅಂಕಗಣಿತ, ಪ್ರೀ ಆಲ್ಜೀಬ್ರಾ, ಬಿಗಿನಿಂಗ್, ಇಂಟರ್‌ಮೀಡಿಯೆಟ್ ಎಂದು ನಾಲ್ಕು ಮೆಟ್ಟಿಲಿದ್ದು ಪ್ರತಿ ಮೆಟ್ಟಿಲನ್ನು ನೂರಕ್ಕೆ ಎಪ್ಪತ್ತು ಜನ ದಾಟುತ್ತಾರೆಂದು ಇಟ್ಟುಕೊಂಡರೂ ಕೊನೆಗೆ ಉಳಿಯುವುದು ಇಪ್ಪತ್ತನಾಲ್ಕು ಜನ. ಹೈಸ್ಕೂಲಿನಿಂದ ನೇರ ಬಂದ ಹುಡುಗರನ್ನು ಈ ಸರಪಳಿಗೆ ಕಟ್ಟುವುದು ಅನ್ಯಾಯವೇ. ಆದರೆ ನಲವತ್ತರ ವಯಸ್ಸಿನಲ್ಲಿ, ಇಪ್ಪತ್ತು ವರ್ಷದ ಬಳಿಕ ಪುಸ್ತಕ ಹಿಡಿದವರಿಗೆ ನಿಧಾನದ ಒಂದು ತರಗತಿ ಬೇಕೇ ಬೇಕು. ಅವರನ್ನು ಸಂಖ್ಯಾಶಾಸ್ತ್ರಕ್ಕೆ ನೇರ ತಳ್ಳಿ, ಪಕ್ಕದಲ್ಲಿ ವಾರಕ್ಕೆರಡು ಗಂಟೆ ಊರುಗೋಲು ಕೊಟ್ಟರೆ ಸಾಕಾಗುತ್ತದೆ ಎಂದು ನನಗೆ ಅನಿಸುವುದಿಲ್ಲ.

ತಪ್ಪಿದ ಪರೀಕ್ಷೆಗೆ ಮರುಪರೀಕ್ಷೆ ನನ್ನಲ್ಲಿಲ್ಲ. ಕಾರು ಕೆಟ್ಟಿತು, ಮಗುವಿಗೆ ಜ್ವರ, ಪಾಳಿ ಬದಲಾಯಿತು, ಎಲ್ಲವೂ ನಿಜವೇ ಇರುತ್ತದೆ, ಯಾವುದು ಹೆಚ್ಚು ನಿಜ ಎಂದು ತೂಗುವ ಕೆಲಸ ನನಗೆ ಬೇಡ. ಅದರ ಬದಲು ಕೊನೆಯ ಪರೀಕ್ಷೆಯ ಅಂಕ ಮೂರರಲ್ಲಿ ತಪ್ಪಿದ ಒಂದರ ಜಾಗಕ್ಕೆ ಬರುತ್ತದೆ. ಯಾರೂ ಚೀಟಿ ತರಬೇಕಾಗಿಲ್ಲ. ಹಬ್ಬಗಳಿಗೆ ಅವಕಾಶವಿದೆ. ಗಣೇಶ ಚೌತಿ ಸೆಮಿಸ್ಟರಿನ ಮೊದಲ ವಾರಗಳಲ್ಲೇ ಬರುತ್ತದೆ, ದೀಪಾವಳಿ ಎರಡನೆಯ ಪರೀಕ್ಷೆಯ ಹತ್ತಿರ. ಧಾರ್ಮಿಕ ಕಾರಣಕ್ಕೆ ದಿನ ಬದಲಿಸಬೇಕಿದ್ದರೆ ಮೊದಲ ಎರಡು ವಾರದೊಳಗೆ ಬರೆದು ತಿಳಿಸಿ, ಖಂಡಿತ ಬದಲಿಸುತ್ತೇನೆ. ಹಿಂದಿನ ರಾತ್ರಿ ಹನ್ನೊಂದಕ್ಕೆ ಬಂದ ಇಮೇಲಿಗೆ ಬದಲಿಸುವುದಿಲ್ಲ.

ಕೊನೆಯ ಪರೀಕ್ಷೆಯ ದಿನಾಂಕವನ್ನು ಮಾತ್ರ ಬದಲಿಸುವ ಅಧಿಕಾರ ನನಗೂ ಇಲ್ಲ, ಅದು ಇಡೀ ಕಾಲೇಜಿನ ವೇಳಾಪಟ್ಟಿ. ಡಿಸೆಂಬರ್ ಎರಡನೆಯ ವಾರದಲ್ಲಿ ಬರುತ್ತದೆ. ಬೆಂಗಳೂರಿಗೆ ವಿಮಾನದ ದರ ಏರುವುದೂ ಅದೇ ವಾರ, ಆದ್ದರಿಂದ ನಮ್ಮ ಸಂಸಾರಗಳು ಜುಲೈನಲ್ಲೇ ಡಿಸೆಂಬರ್ ಮೊದಲ ವಾರಕ್ಕೆ ಟಿಕೆಟ್ ಮಾಡಿಸಿಬಿಟ್ಟಿರುತ್ತವೆ, ಅಗ್ಗವಾಗಿ, ವಾಪಸು ಪಡೆಯಲಾಗದ ದರದಲ್ಲಿ. ವೇಳಾಪಟ್ಟಿ ಕಾಲೇಜಿನ ತಾಣದಲ್ಲಿ ತಿಂಗಳುಗಳ ಮೊದಲೇ ಇರುತ್ತದೆ. ಟಿಕೆಟ್ ಗುಂಡಿ ಒತ್ತುವ ಮುನ್ನ ಅದನ್ನು ತೆರೆದು ನೋಡಿ, ಶೇ 25 ಅಂಕ ಆ ಎರಡು ಗಂಟೆಗಳಲ್ಲಿದೆ.